ಖಾಲಿ ಬಿಟ್ಟ ಜಾಗಕ್ಕೆ ಏನರ್ಥ?

1987ರಲ್ಲಿ ಶುರುವಾದ ಲೋಜ್ಬಾನ್ ಎಂಬ, ಜನ ಮಾತಾಡೋಕೆ ಅಂತಲೇ ಕಟ್ಟಿದ ತರ್ಕದ ಭಾಷೆಯನ್ನು ಪ್ರೋಗ್ರಾಮಿಂಗ್‌ಗೆ ಬುನಾದಿ ಮಾಡಬಹುದು, ಅದರಲ್ಲಿ ಅರ್ಥದ ಗೊಂದಲವೇ ಇಲ್ಲ ಅಂತ ಬರೆದಿದ್ದೀರಿ. ಮೊದಲನೆಯದನ್ನು ಒಪ್ಪುತ್ತೇನೆ, ಎರಡನೆಯದನ್ನು ಪೂರ್ತಿ ಅಲ್ಲ.

ಚಿಕ್ಕಮಗಳೂರಿನಲ್ಲಿ ಕೂತು ಕಾಫಿ ತೋಟಗಳ ಲೆಕ್ಕಕ್ಕೆ ಸಾಫ್ಟ್‌ವೇರ್ ಬರೆಯುವವನು ನಾನು. ಹೋದ ಕೊಯ್ಲಿನಲ್ಲಿ, ಕೊಟ್ಟ ಮಾಹಿತಿಯನ್ನು ಸಾಲಿನ ಪ್ರಕಾರ ತಗೊಳ್ಳುವ ಪ್ರೋಗ್ರಾಮಿನ ತುಂಡಾದ ಒಂದು ಫಂಕ್ಷನ್‌ಗೆ 'ಎಲ್ಲಿಂದ', 'ಎಲ್ಲಿಗೆ' ಎರಡನ್ನೂ ಅದಲು ಬದಲು ಕೊಟ್ಟುಬಿಟ್ಟೆ. ಹಾಸನಕ್ಕೆ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್‌ಗೆ ಹೋದ 40 ಮೂಟೆ ಲೆಕ್ಕದಲ್ಲಿ ಹಾಸನದಿಂದ ತೋಟಕ್ಕೆ ಬಂದಿತ್ತು! ಕನ್ನಡದಲ್ಲಿ ಈ ತಪ್ಪು ಆಗುವುದಿಲ್ಲ. 'ತೋಟದಿಂದ ಹಾಸನಕ್ಕೆ' ಅಂದರೂ 'ಹಾಸನಕ್ಕೆ ತೋಟದಿಂದ' ಅಂದರೂ ಒಂದೇ, ವಿಭಕ್ತಿ ಕಾಯುತ್ತದೆ. ಲೋಜ್ಬಾನ್‌ನ 'ಕ್ಲಾಮಾ' (ಹೋಗು) ಪದಕ್ಕೆ ಐದು ಜಾಗ: ಹೋಗುವವರು, ಎಲ್ಲಿಗೆ, ಎಲ್ಲಿಂದ, ಯಾವ ದಾರಿ, ಯಾವ ಗಾಡಿ. ಫಂಕ್ಷನ್ ಥರ ಸುಮ್ನೆ ಸಾಲಾಗಿಯೂ ಹೇಳಬಹುದು, ವಿಭಕ್ತಿ ಥರ ಫಾ, ಫೆ, ಫಿ, ಫೊ, ಫು ಅಂತ ಗುರುತು ಹಚ್ಚಿಯೂ ಹೇಳಬಹುದು.

ನನಗೆ ಜಾಸ್ತಿ ಹಿಡಿಸಿದ್ದು ಖಾಲಿ ಜಾಗದ ವಿಚಾರ. ದಾರಿ ಹೇಳದೆ ಬಿಟ್ಟರೆ 'ಯಾವುದೋ ದಾರಿ ಇದೆ, ಹೇಳಿಲ್ಲ' ಅಂತ ಅರ್ಥ. ಅದಕ್ಕೆ 'ಝೊಹೆ' ಅನ್ನುವ ಪದ ಇದೆ. ದಾರಿ ಎಂಬ ಜಾಗವೇ ಬೇಡ ಅನ್ನೋಕೆ 'ಝಿಹೊ' ಅಂತ ಬೇರೆ ಪದ. ನಾವು ಪ್ರೋಗ್ರಾಮ್ ಬರೆಯುವವರು ಎರಡಕ್ಕೂ 'ಏನೂ ಇಲ್ಲ' ಅನ್ನುವ ಒಂದೇ 'ನಲ್' ಹಾಕಿ ಒದ್ದಾಡುತ್ತೇವೆ, ಅಲ್ವಾ?

ಆದರೆ ಗೊಂದಲ ಇಲ್ಲದ್ದು ವ್ಯಾಕರಣದಲ್ಲಿ ಮಾತ್ರ. ಲೋಜ್ಬಾನ್‌ನಲ್ಲಿ ಎರಡು ಪದ ಪಕ್ಕಪಕ್ಕ ಇಟ್ಟರೆ ಅದು 'ತನ್ರು'. ಅವುಗಳ ನಂಟು ಏನು ಅಂತ ಕೇಳುವವರೇ ಊಹಿಸಬೇಕು. ನಮ್ಮ 'ಕಾಫಿ ಚೀಲ' ಇದ್ದ ಹಾಗೆ. ಕಾಫಿ ತುಂಬಿದ ಚೀಲವೋ, ಕಾಫಿಗೆ ಅಂತ ತಂದ ಖಾಲಿ ಚೀಲವೋ? ಸ್ಟಾಕ್ ಲೆಕ್ಕದಲ್ಲಿ ಇವೆರಡು ಬೇರೆ ಬೇರೆ ಸಾಲು. ಇದನ್ನು ಕಂಪ್ಯೂಟರ್‌ನ ಊಹೆಗೆ ಬಿಡಬೇಡಿ. ತನ್ರು ಕೈಬಿಟ್ಟು, ಜಾಗಗಳು ಪಕ್ಕಾ ಇರುವ ಪದಗಳಿಂದಲೇ ಶುರು ಮಾಡಿ.