ಮಾಸ್ತಿಯವರನ್ನು ತೋರಿಸಿ ಗದರಿಸಬೇಡಿ

ನಿನ್ನೆ ಸಂಜೆಯ ಪುಸ್ತಕ ಬಿಡುಗಡೆಯೊಂದರಲ್ಲಿ ಮುಖ್ಯ ಅತಿಥಿಗಳು ಮೈಕಿನ ಮುಂದೆ ನಿಂತು, ‘ಈಗಿನವರು ಬರೆಯಲು ಪುರುಸೊತ್ತಿಲ್ಲ ಎನ್ನುತ್ತಾರೆ, ಮಾಸ್ತಿಯವರು ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿಯಾಗಿದ್ದುಕೊಂಡೇ ಬರೆಯಲಿಲ್ಲವೇ? ಮನಸ್ಸಿದ್ದರೆ ಸಮಯ ತಾನಾಗಿ ಸಿಗುತ್ತದೆ’ ಎಂದರು. ಸಭೆ ಚಪ್ಪಾಳೆ ತಟ್ಟಿತು. ಮಾತನಾಡಿದವರು ನಿವೃತ್ತರಾಗಿ ಬಹಳ ಕಾಲವಾಗಿದೆ ಎಂಬುದನ್ನೂ, ಹತ್ತು ನಿಮಿಷವೆಂದು ಆಹ್ವಾನ ಪಡೆದು ಮುಕ್ಕಾಲು ಗಂಟೆ ಮಾತನಾಡಿದರು ಎಂಬುದನ್ನೂ ಸೇರಿಸಿಕೊಂಡರೆ, ಅವರಿಗೆ ಸಮಯ ಹೇಗೆ ಸಿಗುತ್ತದೆಂದು ನಿಮಗೇ ಅರ್ಥವಾದೀತು.

ಮಾಸ್ತಿಯವರ ಬಗ್ಗೆ ನನಗಿರುವ ಭಕ್ತಿ ನಿಮಗೆಲ್ಲ ಗೊತ್ತಿರುವುದೇ. ಆದ್ದರಿಂದಲೇ ಈ ಉದಾಹರಣೆ ಕೇಳಿದಾಗಲೆಲ್ಲ ರೇಗುತ್ತದೆ. ಅವರು ಅಧಿಕಾರಿಯಾಗಿದ್ದಾಗ ಸಾಕಷ್ಟು ಸಣ್ಣಕತೆಗಳನ್ನು ಬರೆದದ್ದು ನಿಜ. ಆದರೆ ಅವರು 1943ರಲ್ಲಿ ನೌಕರಿ ಬಿಟ್ಟರು. ‘ಚಿಕವೀರರಾಜೇಂದ್ರ’ ಪ್ರಕಟವಾದದ್ದು 1956ರಲ್ಲಿ. ಜ್ಞಾನಪೀಠ ತಂದುಕೊಟ್ಟ ಕಾದಂಬರಿ ರಾಜೀನಾಮೆಯ ನಂತರದ್ದು ಎಂಬುದನ್ನು ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ. ಸಣ್ಣಕತೆಯನ್ನು ಒಂದೆರಡು ಭಾನುವಾರಗಳಲ್ಲಿ ಹೇಗೋ ಮುಗಿಸಬಹುದು. ಕಾದಂಬರಿಯಲ್ಲಾದರೆ, ಹಿಂದಿನ ಸಲ ಎಲ್ಲಿ ಬಿಟ್ಟಿದ್ದೆವೋ ಅಲ್ಲಿಗೆ ಮರಳಿ ಹೋಗುವುದಕ್ಕೇ ಇಡೀ ಬೆಳಗು ಬೇಕಾಗುತ್ತದೆ.

ನನ್ನಂಥ ಬ್ಯಾಂಕಿನವರೆಂದರೆ ಐದು ಗಂಟೆಗೆ ಮನೆಯಲ್ಲಿರುತ್ತಾರೆ ಎಂಬ ನಂಬಿಕೆ ನಮ್ಮ ಸಾಹಿತ್ಯವಲಯದಲ್ಲಿ ಇನ್ನೂ ಉಳಿದಿದೆ. ಗ್ರಾಹಕರಿಗೆ ಬಾಗಿಲು ಹಾಕಿದ ಮೇಲೆ ಕ್ಯಾಶ್ ಟ್ಯಾಲಿ ಮಾಡಬೇಕು, ಸುಸ್ತಿದಾರರಿಗೆ ಫೋನು ಹಚ್ಚಬೇಕು, ಎಷ್ಟು ವಿಮೆ ಮಾರಿದೆವೆಂದು ಮೇಲಿನ ಕಚೇರಿಯ ವಿಡಿಯೊ ಸಭೆಯಲ್ಲಿ ಲೆಕ್ಕ ಒಪ್ಪಿಸಬೇಕು. ಮನೆಗೆ ಬಂದು ಊಟಕ್ಕೆ ಕುಳಿತಾಗಲೂ ವಾಟ್ಸಾಪ್ ಗುಂಪಿನಲ್ಲಿ ‘ನಿಮ್ಮ ಶಾಖೆಯ ಅಂಕಿ ಇನ್ನೂ ಬಂದಿಲ್ಲ’ ಎಂಬ ಸಂದೇಶ. ಇಷ್ಟೆಲ್ಲದರ ನಂತರವೂ ರಾತ್ರಿ ಒಂದು ಗಂಟೆ ಮಿಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸಮಯ ಇದೆ ಸ್ವಾಮಿ! ಆದರೆ ಬೆಳಗಿನಿಂದ ಜನರ ಅಹವಾಲು ಕೇಳಿ ಕೇಳಿ, ಅದನ್ನೆಲ್ಲ ‘ಪರಿಶೀಲಿಸಲಾಗುವುದು’ ಎಂಬ ಭಾಷೆಗೆ ಇಳಿಸಿ ಇಳಿಸಿ ದಣಿದ ತಲೆ, ಆ ಗಂಟೆಯಲ್ಲಿ ಒಂದು ಪಾತ್ರದ ಬಾಯಿಂದ ಜೀವವಿರುವ ಒಂದು ಮಾತನ್ನೂ ಹೊರಡಿಸುವುದಿಲ್ಲ. ‘ಮನಸ್ಸಿದ್ದರೆ’ ಎನ್ನುತ್ತಾರಲ್ಲ, ಆ ಮನಸ್ಸನ್ನೇ ತಿಂಗಳ ಸಂಬಳ ಕೊಟ್ಟು ಕೊಂಡುಕೊಂಡಿದ್ದಾರೆ.

‘ಹಾಗಾದರೆ ಚಿತ್ತಾಲರು?’ ಎಂದು ಗೆಳೆಯರೊಬ್ಬರು ಕಾದಂಬರಿಕಾರ ಯಶವಂತ ಚಿತ್ತಾಲರನ್ನು ನೆನೆದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಮುಂಬಯಿಯ ಕಂಪನಿಯೊಂದರಲ್ಲಿ ರಾಸಾಯನಿಕ ತಂತ್ರಜ್ಞರಾಗಿ ದುಡಿಯುತ್ತಲೇ ಅವರು 1979ರಲ್ಲಿ ‘ಶಿಕಾರಿ’ಯನ್ನು ಕೊಟ್ಟರು, ಅದೂ ಕಂಪನಿಯ ಜಗತ್ತನ್ನೇ ಕಾದಂಬರಿಯಾಗಿಸಿ. ಕೆ.ಎಸ್. ನರಸಿಂಹಸ್ವಾಮಿಯವರೂ ಸರ್ಕಾರಿ ಗುಮಾಸ್ತಿಕೆಯ ನಡುವೆಯೇ ಕವಿತೆ ಬರೆದವರು. ಒಪ್ಪಿದೆ. ಆದರೆ ದಡ ಸೇರಿದವರ ಹೆಸರಷ್ಟೇ ನಮಗೆ ಗೊತ್ತಿರುತ್ತದೆ. ಅದೇ ಕಾಲದ ಕಚೇರಿಗಳಲ್ಲಿ ಮೊದಲ ಕತೆಯ ನಂತರ ಎರಡನೆಯದನ್ನು ಬರೆಯದೆ ನಿವೃತ್ತರಾದವರ ಪಟ್ಟಿಯನ್ನು ಯಾರೂ ಇಟ್ಟಿಲ್ಲ. ಮೇಲಾಗಿ ಚಿತ್ತಾಲರ ಪ್ರತಿಭೆ ನನಗಿಲ್ಲ. ಪ್ರತಿಭೆ ಕಡಿಮೆ ಇದ್ದವನಿಗೆ ಸಮಯ ಹೆಚ್ಚು ಬೇಕು ಎಂಬ ಸರಳ ಗಣಿತ ಈ ಉಪದೇಶಕರಿಗೆ ಯಾಕೆ ಹೊಳೆಯುವುದಿಲ್ಲವೋ ಕಾಣೆ.

ಬೆಳಗಿನ ನಾಲ್ಕಕ್ಕೆ ಏಳಿ ಎನ್ನುವವರೂ ಇದ್ದಾರೆ. ಎದ್ದು ನೋಡಿದ್ದೇನೆ. ಬರಹವೇನೋ ಸಾಗಿತು, ಮಧ್ಯಾಹ್ನ ನೋಟು ಎಣಿಸುವಾಗ ತೂಕಡಿಕೆ ಬಂತು. ಕ್ಯಾಶಿನಲ್ಲಿ ಕೊರತೆ ಬಿದ್ದರೆ ಕೈಯಿಂದ ತುಂಬಬೇಕಾದವನು ನಾನು, ಮುಖ್ಯ ಅತಿಥಿಗಳಲ್ಲ.

ನಿಜ ಹೇಳಬೇಕೆಂದರೆ ನೌಕರಿ ಬಿಡುವ ಆಸೆಯೂ ನನಗಿಲ್ಲ. ಗೃಹಸಾಲದ ಕಂತು ಒಂದು ಕಾರಣ, ಒಡವೆ ಸಾಲದ ಕೌಂಟರು ಇನ್ನೊಂದು. ಅಡವಿಟ್ಟ ಸರವನ್ನು ಮೊಮ್ಮಗಳ ಮದುವೆಗೆಂದು ಕೈಸಾಲ ಮಾಡಿ ಬಿಡಿಸಿಕೊಂಡು ಹೋಗಿ, ಮರುವಾರವೇ ಕರವಸ್ತ್ರದಲ್ಲಿ ಸುತ್ತಿ ತಂದು ಮತ್ತೆ ಅಡವಿಡುವ ಅಜ್ಜಿಯೊಬ್ಬರು, ‘ನೆಂಟ್ರ ಮುಂದೆ ಬರೀ ಕತ್ತಲ್ಲಿ ಹೆಂಗ್ ನಿಲ್ಲಾದು ಸಾರ್’ ಎಂದು ನಗುವುದನ್ನು ನಾನು ಬೇರೆಲ್ಲಿ ಕೇಳುತ್ತಿದ್ದೆ? ಸಿಟ್ಟು ಬರುವುದೂ ಇದಕ್ಕೇ. ಕತೆಯನ್ನು ಕೈಗೆ ಕೊಡುವ ಜಾಗವೇ ಅದನ್ನು ಬರೆಯಲು ಬಿಡುವುದಿಲ್ಲ.

ಸಾಹಿತ್ಯ ಸಮ್ಮೇಳನಕ್ಕೆ ಹೋಗುವ ಸರ್ಕಾರಿ ನೌಕರರಿಗೆ ‘ಅನ್ಯ ಕಾರ್ಯ ನಿಮಿತ್ತ’ ಸೌಲಭ್ಯ ಕೊಡುತ್ತಾರೆ. ಅಂದರೆ ಸಾಹಿತ್ಯದ ಭಾಷಣ ಕೇಳುವುದು ನಮ್ಮಲ್ಲಿ ಕರ್ತವ್ಯದ ಲೆಕ್ಕಕ್ಕೆ ಬರುತ್ತದೆ, ಸಾಹಿತ್ಯ ಬರೆಯುವುದು ಬರುವುದಿಲ್ಲ. ನಾನಂತೂ ಮುಂದಿನ ನಾಲ್ಕನೇ ಶನಿವಾರದ ಹಿಂದೆ ಎರಡು ದಿನ ಸೇರಿಸಿ ರಜೆ ಕೇಳಿದ್ದೇನೆ. ಕಾರಣ ನಮೂದಿಸುವಲ್ಲಿ ‘ಕಾದಂಬರಿಯ ಮೂರನೇ ಅಧ್ಯಾಯ’ ಎಂದು ಬರೆಯುವ ಧೈರ್ಯ ಸಾಲದೆ ‘ಊರಿನಲ್ಲಿ ಜಮೀನಿನ ಕೆಲಸ’ ಎಂದು ಬರೆದೆ. ನನಗೆ ಗೇಣು ಜಮೀನೂ ಇಲ್ಲ. ಮ್ಯಾನೇಜರ್ ಸಾಹೇಬರು ಫೇಸ್‌ಬುಕ್‌ನಲ್ಲಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಇಲ್ಲಿ ಹೇಳುತ್ತಿದ್ದೇನೆ.