ಗಾಡಿ ಎಳೀವಲ್ದು ಅಂದ್ರ ಮೊದಲು ಗಾಳಿ ನೋಡ್ರಿ

ಬೆಳಗಾವಿ ಮಾರ್ಕೆಟ್‌ನ್ಯಾಗ ಗೋವಾಕ್ಕ ಕಾಯಿಪಲ್ಯ ಹೇರಾಕ ನಿಂತ ಪಿಕಪ್ ಡ್ರೈವರ್‌ಗಳ ಬಾಯಾಗ ಈಗ ಒಂದಽ ಮಾತು: "ಚಿಪ್ ಹಾಕಿಸಿದೇನೋ?" ಚಿಪ್ ಅಂದ್ರ ಪವರ್ ಏರಿಸಾಕ ಇಂಜಿನ್ ವೈರಿಗೆ ಕೂಡಿಸೋ ಸಣ್ಣ ಡಬ್ಬಿ. ಇಪ್ಪತ್ತು ಹಾರ್ಸ್‌ಪವರ್ ಜಾಸ್ತಿ ಬರ್ತೈತಂತ, ಗೋವಾ ದಾರಿಯ ಚೋರ್ಲಾ ಘಾಟ್ ಸರ್ರಂತ ಏರ್ತೈತಂತ. ಹನ್ನೊಂದು ವರ್ಷ ಇದಽ ದಾರಿಯೊಳಗ ಗಾಡಿ ಹೊಡದೀನಿ. ದುಡಿಯೋ ಗಾಡಿಗೆ ಇದು ಬ್ಯಾಡ ಅಂತ ಗಟ್ಟಿಯಾಗಿ ಹೇಳತೀನಿ.

ಹೋದ ವರ್ಷ ಕಬ್ಬಿನ ಸೀಜನ್ ಮುಗಿಯೋ ಹೊತ್ತಿಗೆ ನನ್ನ ಗಾಡೀನೂ ಎಳೀವಲ್ದಾತು. ವಾಪಸ್ ಬರೋವಾಗ ಗೋವಾ ಕಡೆಯ ಸಾಂಖಳಿ ದಾಟಿ ಘಾಟ್ ಹತ್ತೋವಾಗ ಬರೇ ಖಾಲಿ ಕ್ರೇಟ್ ಇದ್ದುವು, ಆದ್ರೂ ಮೂರನೇ ಗೇರ್ ತಡೀಲಿಲ್ಲ, ಎರಡಕ್ಕ ಇಳಿಸಬೇಕಾತು. ಹಿಂದ ಕರೀ ಹೊಗಿ. ಒಂದು ಅಂಗಡಿಯವ್ರು ಬಾನೆಟ್ ಸೈತ ತಗೀದಽ "ರೀಮ್ಯಾಪ್ ಮಾಡಿಸ್ರಿ" ಅಂದ್ರು, ಅಂದ್ರ ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ಪವರ್ ಏರಿಸೋದು. ನಾನು ನಮ್ಮ ಹಳೇ ಮಿಸ್ತ್ರಿ ಕಾಕಾರ ಕಡೆ ಹೋದೆ. ಅವ್ರು ಟರ್ಬೋ (ಇಂಜಿನ್ನಿಗೆ ಗಾಳಿ ಒತ್ತೋ ಪಂಕಾ) ಒತ್ತಿದ ಗಾಳಿ ಒಯ್ಯೋ ಇಂಟರ್‌ಕೂಲರ್ ಪೈಪಿನ ಕೆಳಗ ಕೈ ಹಾಕಿ, ಎಣ್ಣಿ ಹತ್ತಿದ ಬೆರಳು ತೋರಿಸಿದ್ರು. "ಟರ್ಬೋ ಗಾಳಿ ಇಲ್ಲೇ ಸೋರಾಕತ್ತೈತಿ ತಮ್ಮಾ. ಗಾಳೀನಽ ಇಲ್ಲಂದ್ರ ಡೀಸೆಲ್ ಸುರುವಿ ಏನ ಮಾಡ್ತಿ?"

ಕ್ಲಿಪ್ ಹತ್ರ ಪೈಪ್ ಸೀಳಿತ್ತು. ಏರ್ ಫಿಲ್ಟರ್ ತಗದು ಬಡಿದ್ರ ಬೊಗಸಿ ಧೂಳು. ಎರಡೂ ಬದಲಿ ಮಾಡಿ, ಇಂಟರ್‌ಕೂಲರ್ ಜಾಳಿಗಿಗೆ ಮೆತ್ತಿದ ಕೆಸರು ತೊಳದ ಮ್ಯಾಲ ಅದಽ ಏರು ಮೂರನೇ ಗೇರ್‌ನ್ಯಾಗ ಹತ್ತಿತು.

ಡೀಸೆಲ್ ಇಂಜಿನ್ ಗುಟ್ಟು ಇಷ್ಟಽ ರೀ. ಎಷ್ಟು ಗಾಳಿ ಒಳಗ ಹೋಗ್ತೈತಿ ಅಷ್ಟಽ ಡೀಸೆಲ್ ಚಲೋ ಉರೀತೈತಿ. ಉಳದಿದ್ದು ಮಸಿಯಾಗಿ ಸೈಲೆನ್ಸರ್‌ನಿಂದ ಹೊರಗ. ಕರೀ ಹೊಗಿ ಕಂಡು "ಏನ್ ಪವರ್!" ಅನ್ನೋ ಹುಡುಗರಿಗೆ ಇದನ್ನ ತಿಳಿಸಬೇಕು, ಅದು ಉರೀದಽ ಹೋದ ನಿಮ್ಮ ರೊಕ್ಕ. ಟರ್ಬೋ ಗಾಳಿ ಒತ್ತಿದಾಗ ಅದು ಕಾಯ್ತೈತಿ, ಕಾದ ಗಾಳಿ ತೆಳುವು. ಅದನ್ನ ತಂಪು ಮಾಡಿ ದಟ್ಟ ಮಾಡಾಕಂತಽ ಇಂಟರ್‌ಕೂಲರ್ ಇರೋದು.

ಅಗ್ಗದ ಚಿಪ್ ಡಬ್ಬಿ ಮಾಡೋದೇನು? ಕಾಮನ್ ರೈಲ್ (ಇಂಜೆಕ್ಟರಿಗೆ ಡೀಸೆಲ್ ಒತ್ತಿ ಕೊಡೋ ಪೈಪು) ಪ್ರೆಶರ್ ಸೆನ್ಸರ್ ವೈರಿನ ನಡುವ ಕುಂತು, ಇಸಿಯುಗೆ (ಇಂಜಿನ್ ಕಂಪ್ಯೂಟರಿಗೆ) "ಪ್ರೆಶರ್ ಕಡಿಮಿ ಐತಿ" ಅಂತ ಸುಳ್ಳು ಹೇಳತೈತಿ. ಇಸಿಯು ನಂಬಿ ಪ್ರೆಶರ್ ಏರಿಸತೈತಿ, ಡೀಸೆಲ್ ಜಾಸ್ತಿ ಬೀಳತೈತಿ. ಪಂಪು, ಇಂಜೆಕ್ಟರ್ ಸದಾ ಬಿಗೀಲೆ ದುಡೀತಾವ. ಉರಿ ಏರತೈತಿ. ಪಿಸ್ಟನ್ ಅಲ್ಯೂಮಿನಿಯಂದು, ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ. ಲೋಡ್ ಮ್ಯಾಲ ಉದ್ದನ ಏರಿನ್ಯಾಗ ಹೊಗಿಯ ಬಿಸಿ ಅದನ್ನೂ ದಾಟಬಹುದು. ಇಂಜಿನ್ ಎಣ್ಣಿ ತಂಪು ಮಾಡ್ತೈತಂತ ಪಿಸ್ಟನ್ ಉಳದೈತಿ. ಕ್ಲಚ್ ಅಂತೂ ಕಂಪನಿ ಟಾರ್ಕಿಗೆ, ಅಂದ್ರ ಇಂಜಿನ್ ತಿರುಗಿಸೋ ಬಲಕ್ಕ, ಅಳದು ಇಟ್ಟಿದ್ದು, ಜಾಸ್ತಿ ಆದ್ರ ಜಾರತೈತಿ.

ರೀಮ್ಯಾಪ್ ಅಂದ್ರನಽ ಕೆಟ್ಟದ್ದು ಅನ್ನಾಂವ ಅಲ್ಲ ನಾನು. ಶೋಕಿಗೆ ಗಾಡಿ ಇಟ್ಟವ್ರು ದೊಡ್ಡ ಇಂಟರ್‌ಕೂಲರ್, ಗಟ್ಟಿ ಕ್ಲಚ್, ಹೊಗಿ ಬಿಸಿ ತೋರಿಸೋ ಮೀಟರ್ ಎಲ್ಲಾ ಹಾಕಿ, ತಿಳದವರ ಕೈಲೆ ಮಾಡಿಸ್ತಾರ. ಕಂತು ಕಟ್ಟೋ ಗಾಡಿಗೆ ಆ ಖರ್ಚು ಹೊಂದೂದಿಲ್ಲ.

ಮತ್ತ ನಮ್ಮ ದಾರಿ ನೋಡ್ರಿ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾದಾಗ ನಾವು ಲೋಡ್ ಹೊತ್ತು ಇಳೀತೀವಿ, ಖಾಲಿ ಏರ್ತೀವಿ. ಇಳಿಯೋವಾಗ ಬೇಕಾಗೋದು ಬ್ರೇಕು, ಸಣ್ಣ ಗೇರು, ಟೈರ್‌ನ್ಯಾಗ ಸರಿ ಗಾಳಿ. ಮಳಿಗಾಲದ ಮಂಜಿನ್ಯಾಗ ಇಪ್ಪತ್ತು ಹಾರ್ಸ್‌ಪವರ್ ಯಾರಿಗೆ ಬೇಕು?

ಮೋಟಾರು ವಾಹನ ಕಾಯ್ದೆ 52ನೇ ಕಲಮೂ ಆರ್‌ಸಿಯಾಗಿನ ವಿವರಕ್ಕ ಹೊಂದದ ಬದಲಾವಣಿ ಮಾಡಬ್ಯಾಡ ಅಂತೈತಿ.

ನಮ್ಮ ಅಕ್ಕನ ಮಗ ಡಬ್ಬಿ ಹಾಕಿಸಿದ ಮ್ಯಾಲ ಅಂವನ ಕ್ಲಚ್ ಜಾರಾಕ ಹತ್ತೈತಿ, ಸುಟ್ಟ ವಾಸನಿ ಬರ್ತೈತಿ. "ಮಾಮಾ, ಗಾಡಿ ಓಡಾಕತ್ತೈತಿ, ಬಿಡ್ರಿ" ಅಂತಾನ. ಈ ರವಿವಾರ ಅಂವನ್ನ ಗಾಡಿ ಸಮೇತ ಕಾಕಾರ ಕಡೆ ಕರಕೊಂಡು ಹೊಂಟೀನಿ. ಡಬ್ಬಿ ಬಿಚ್ಚಿ, ಮೊದಲು ಆ ಪೈಪ್ ಕೆಳಗ ಕೈ ಹಾಕಿ ನೋಡೂಣು.