ಸ್ಪಷ್ಟನೆ: ಡಾಕರ್ ಕಂಟೇನರ್ ನಿಲ್ಲೋಕೆ 10 ಸೆಕೆಂಡು ಬೇಕೇಬೇಕು ಅನ್ನೋದು ತಪ್ಪು

ಹಾಸನ, ಚಿಕ್ಕಮಗಳೂರು ಕಡೆಯ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಯೊಳಗೆ ಓಡಿಸುವ ಸಾಫ್ಟ್‌ವೇರ್) ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ: "ಡಾಕರ್ ಸ್ಟಾಪ್ ಕೊಟ್ಟರೆ 10 ಸೆಕೆಂಡು ಕಾಯಿಸುತ್ತೆ, ಅದರ ಸ್ವಭಾವವೇ ಹಾಗೆ, ಸುಮ್ನೆ ಕಿಲ್ ಕೊಡಿ." ಇದು ತಪ್ಪು. ನಾನೂ ನಂಬಿ ಇದನ್ನು ಮುಂದಕ್ಕೆ ಕಳಿಸಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ಡಾಕರ್‌ನ ಅಧಿಕೃತ ದಾಖಲೆಯಲ್ಲೇ ಇದೆ: ಸ್ಟಾಪ್ ಮೊದಲು ಸಿಗ್‌ಟರ್ಮ್ ಕಳಿಸುತ್ತದೆ, ಅಂದರೆ ಕೈಯಲ್ಲಿರೋ ಕೆಲಸ ಮುಗಿಸಿ ಹೊರಡು ಅಂತ. ನಿಲ್ಲದಿದ್ದರೆ ಮಾತ್ರ 10 ಸೆಕೆಂಡಿನ ನಂತರ ಸಿಗ್‌ಕಿಲ್, ಅಂದರೆ ಬಲವಂತವಾಗಿ ತಕ್ಷಣ ನಿಲ್ಲಿಸೋದು. ಸಿಗ್‌ಟರ್ಮ್ ಸೂಚನೆ ಹೋಗೋದು ಕಂಟೇನರಿನ 1ನೇ ನಂಬರಿನ ಪ್ರೋಸೆಸ್‌ಗೆ (ಒಳಗೆ ಮೊದಲು ಶುರುವಾಗುವ ಪ್ರೋಗ್ರಾಂ), ಅಲ್ಲಿ ಸರ್ವರ್ ಶುರು ಮಾಡುವ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳ ಫೈಲ್) ಕೂತಿದ್ದರೆ ಅದು ತಾನಾಗಿ ಸರ್ವರ್‌ಗೆ ದಾಟಿಸುವುದಿಲ್ಲ, ಕೊನೆಗೆ ಅರ್ಧ ಬರೆದ ಎಂಟ್ರಿ ಹಾಗೇ ಉಳಿದು ಎಲ್ಲ ಒಟ್ಟಿಗೆ ಸಾಯುತ್ತದೆ, ಬಲವಂತವಾಗಿ ನಿಲ್ಲಿಸಿದ್ದರ ಗುರುತಾಗಿ ಎಕ್ಸಿಟ್ ಕೋಡ್ 137 ಕಾಣುತ್ತದೆ.

ನನ್ನ ಸ್ಕ್ರಿಪ್ಟಿನ ಕೊನೆ ಸಾಲು ಬರೀ "ಜಾವಾ -ಜಾರ್" (ಜಾವಾ ಪ್ರೋಗ್ರಾಂ ಓಡಿಸುವ ಕಮಾಂಡ್) ಅಂತ ಶುರುವಾಗುತ್ತಿತ್ತು. ಅದರ ಮೊದಲಿಗೆ "ಎಕ್ಸೆಕ್" ಸೇರಿಸಿದೆ, ಅಷ್ಟೇ. ಶೆಲ್ ಜಾಗಕ್ಕೆ ಜಾವಾನೇ ಬಂತು, ಸಿಗ್‌ಟರ್ಮ್ ನೇರ ಅದಕ್ಕೇ ಸಿಕ್ಕಿ ಒಂದೆರಡು ಸೆಕೆಂಡಲ್ಲಿ ನೀಟಾಗಿ ನಿಂತಿತು. ಪೈಥಾನ್ ಅಥವಾ ನೋಡ್.ಜೆಎಸ್ ಪ್ರೋಗ್ರಾಂ ಆದರೆ ಸಿಗ್‌ಟರ್ಮ್ ಬಂದಾಗ ನಿಲ್ಲುವ ಹಾಗೆ ಕೋಡಿನಲ್ಲೂ ಬರೆಯಬೇಕು, ಇದನ್ನ ಜಾಸ್ತಿ ಜನ ಮರೀತಾರೆ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದರ ಕೆಳಗೆ ಇದನ್ನು ಹಾಕಿ.